ತೊಡೆಯ ಸ್ನಾಯು ಮತ್ತೆ ಮತ್ತೆ ಹಿಡಿಯುವುದೇಕೆ?

ಪ್ರಶ್ನೆ: ನಮ್ಮ ಕಾಲೇಜು ಹಾಕಿ ತಂಡ ಈ ಸಲ ಲೀಗ್ ಹಂತದಲ್ಲೇ ಹೊರಬಿತ್ತು. ಮುಂಚೂಣಿಯ ಇಬ್ಬರಿಗೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ನೋವು. ವಾಸಿಯಾಯಿತೆಂದು ಮೈದಾನಕ್ಕಿಳಿದವನಿಗೆ ಮತ್ತೆ ಅದೇ ಜಾಗದಲ್ಲಿ ಹಿಡಿಯಿತು. ಏನು ಮಾಡಬೇಕು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಡೆಯುವಾಗ ನೋವಿಲ್ಲ ಎಂದರೆ ವಾಸಿಯಾಗಿದೆ ಎಂದಲ್ಲ. ಹಾಕಿಯಲ್ಲಿ ಸೊಂಟ ಬಾಗಿಸಿಯೇ ಓಡಬೇಕು. ಆಗ ತೊಡೆಯ ಹಿಂಭಾಗದ ಸ್ನಾಯು ಹೆಚ್ಚು ಹಿಗ್ಗಿದ ಸ್ಥಿತಿಯಲ್ಲೇ ದುಡಿಯುತ್ತದೆ. ಅರೆವಾಸಿಯಾದ ಸ್ನಾಯು ಹರಿಯುವುದು ಅಲ್ಲೇ. ಮೊದಲು ನೇರ ಓಟ, ಆಮೇಲೆ ಹಂತಹಂತವಾಗಿ ಪೂರ್ತಿ ವೇಗ, ಕೊನೆಗೆ ಸ್ಟಿಕ್ ಹಿಡಿದು ಬಾಗಿ ತಿರುಗುವ ಓಟ. ಒಂದರಲ್ಲೂ ನೋವಿರಬಾರದು, ಎರಡೂ ಕಾಲಿನ ಬಲ ಹೆಚ್ಚುಕಡಿಮೆ ಸಮ ಇರಬೇಕು. ಅಲ್ಲಿಯವರೆಗೆ ಫೈನಲ್ ಇದ್ದರೂ ಆಡಿಸಬೇಡಿ!

ಮುಂದಿನ ಋತುವಿಗೆ ಇಡೀ ತಂಡಕ್ಕೆ ಈ ಸ್ನಾಯುವನ್ನು ಬಲಪಡಿಸುವ ನಾರ್ಡಿಕ್ ವ್ಯಾಯಾಮ ಮಾಡಿಸಿ: ಮಂಡಿಯೂರಿ, ಜೊತೆಗಾರ ಹಿಮ್ಮಡಿ ಒತ್ತಿ ಹಿಡಿದಿರಲು, ಬೆನ್ನು ನೇರವಾಗಿಟ್ಟು ನಿಧಾನಕ್ಕೆ ಮುಂದಕ್ಕೆ ವಾಲುವುದು. ಮೊದಲ ವಾರ ಒಂದೇ ದಿನ, 5 ಸಲದಂತೆ 2 ಸುತ್ತು. ನಾಲ್ಕನೇ ವಾರಕ್ಕೆ ಮೂರು ದಿನ, 8 ಸಲದಂತೆ 3 ಸುತ್ತು. ಆರಂಭದಲ್ಲಿ ತೊಡೆಯ ಹಿಂಭಾಗ ಸ್ವಲ್ಪ ನೋಯುವುದು ಸಹಜ. ಪಂದ್ಯದ ಹಿಂದಿನ ದಿನ ಮಾತ್ರ ಬೇಡ.