ಕಾರು ಕಂಪನಿ ಮುಳುಗಿದರೆ ಸರ್ಕಾರ ಕೈ ಹಿಡಿಯಬೇಕಾ?

ಪ್ರಶ್ನೆ: ನಷ್ಟದಲ್ಲಿರುವ ಕಾರು ಕಂಪನಿಗಳನ್ನು ಸರ್ಕಾರ ದುಡ್ಡು ಕೊಟ್ಟು ಉಳಿಸಬಾರದಾ? ಅಮೆರಿಕ ಹಾಗೆ ಮಾಡಿ ಲಾಭ ಮಾಡಿಕೊಂಡಿತಂತೆ.
– ಓದುಗರು, ರಾಜಾಜಿನಗರ

ಉತ್ತರ: ಈ 'ಲಾಭ ಮಾಡಿಕೊಂಡಿತಂತೆ'ಯನ್ನು ಎಷ್ಟನೇ ಸಲ ಓದುತ್ತಿದ್ದೇನೋ! 2008ರ ಕೊನೆಯಿಂದ ಅಮೆರಿಕ ತನ್ನ ಕಾರು ಉದ್ಯಮಕ್ಕೆ ಸುರಿದದ್ದು ಸುಮಾರು 8,000 ಕೋಟಿ ಡಾಲರ್. ಅದರಲ್ಲಿ 900 ಕೋಟಿಗೂ ಜಾಸ್ತಿ ವಾಪಸ್ ಬರಲೇ ಇಲ್ಲ. ಲಾಭ ಬಂದದ್ದು ಬ್ಯಾಂಕುಗಳಿಗೆ ಕೊಟ್ಟ ದುಡ್ಡಿನಲ್ಲಿ. ಆ ಸುದ್ದಿಯನ್ನು ತಂದು ಕಾರಿಗೆ ಅಂಟಿಸಿಬಿಟ್ಟಿದ್ದಾರೆ.

ಹಾಗಂತ ಅದು ದಂಡದ ಖರ್ಚು ಅಂತಲೂ ಹೇಳುವುದಿಲ್ಲ. ಆಗಿನ ಹಣಕಾಸು ಬಿಕ್ಕಟ್ಟಿನಲ್ಲಿ ಕಂಪನಿಗಳಿಗೆ ಬೇರೆಲ್ಲೂ ಸಾಲವೇ ಹುಟ್ಟುತ್ತಿರಲಿಲ್ಲ. ಕೊಟ್ಟದ್ದೂ ಸುಮ್ನೆ ಅಲ್ಲ. 2009ರ ಮಾರ್ಚ್‌ನಲ್ಲಿ ಜನರಲ್ ಮೋಟಾರ್ಸ್‌ನ ಮುಖ್ಯಸ್ಥರನ್ನು ಮನೆಗೆ ಕಳಿಸಿದರು. ಜೂನ್‌ನಲ್ಲಿ ಕಂಪನಿ ದಿವಾಳಿ ಕೋರ್ಟಿಗೆ ಹೋಯಿತು. ಅದರ ಪಾಂಟಿಯಾಕ್, ಸ್ಯಾಟರ್ನ್ ಬ್ರ್ಯಾಂಡುಗಳು ಮುಚ್ಚಿದವು. ನನಗೆ ಹಿಡಿಸಿದ್ದು ಇನ್ನೊಂದು. ಬಿಡಿಭಾಗ ಮಾಡಿಕೊಡುವವರ ಬಾಕಿಗೆಂದೇ 500 ಕೋಟಿ ಡಾಲರ್ ಬೇರೆ ಎತ್ತಿಟ್ಟರು.

ಯಾಕೆ ಹಿಡಿಸಿತು ಅಂದರೆ, ಪೀಣ್ಯದ ಒಂದು ಶೆಡ್ಡಿಗೆ ಲೆಕ್ಕ ನೋಡಲು ಹೋಗಿದ್ದೆ. ಎರಡು ಪ್ರೆಸ್, ಹನ್ನೊಂದು ಜನ, ಒಂದೇ ಕಾರಿಗೆ ಬ್ರಾಕೆಟ್ ಒತ್ತುವ ಕೆಲಸ. ಮೂಲೆಯಲ್ಲಿ ಎಣ್ಣೆ ಹಚ್ಚಿ ಪೇರಿಸಿದ್ದ ಟ್ರೇಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಾರೀಕು ನಾಲ್ಕು ತಿಂಗಳು ಹಳೆಯದು. ಕಂಪನಿ ಮಾಲು ಎತ್ತಿಲ್ಲ, ಹಿಂದಿನ ಬಿಲ್ಲೂ ಪಾಸಾಗಿಲ್ಲ. ಬ್ರಾಕೆಟ್ ಒತ್ತುವ ಆ ಅಚ್ಚು (ಡೈ) ಬೇರೆ ಯಾವ ಕಾರಿಗೂ ಆಗುವುದಿಲ್ಲ. ಮಾಲೀಕರು ಹೆಂಡತಿಯ ಒಡವೆ ಅಡವಿಟ್ಟು ಸಂಬಳ ಕೊಡುತ್ತಿದ್ದರು. 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನಿದೆಯಲ್ಲಾ ಅಂದೆ. "ಕೇಸು ಹಾಕಿದ್ರೆ ಮುಂದೆ ಆರ್ಡರ್ ಕೊಡ್ತಾರಾ ಸಾರ್?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಂಪನಿ ದಿವಾಳಿಯಾದರಂತೂ ಕೇಳಲೇಬೇಡಿ. ನಮ್ಮ 2016ರ ದಿವಾಳಿ ಕಾಯ್ದೆಯಲ್ಲಿ ಅಡಮಾನ ಇಟ್ಟುಕೊಂಡ ಬ್ಯಾಂಕು, ಕಾರ್ಮಿಕರ ಬಾಕಿ ಮೊದಲು. ಮಾಲು ಕೊಟ್ಟವರು ಸಾಲಿನ ಬಾಲದಲ್ಲಿ ನಿಲ್ಲಬೇಕು. ಸರ್ಕಾರದ ದುಡ್ಡು ಮೊದಲು ಇಂಥ ಶೆಡ್ಡುಗಳಿಗೆ ನೇರವಾಗಿ ಹೋಗಲಿ. ಕಂಪನಿಗೂ ಕೊಡಬೇಕೆಂದರೆ ಕಂಪನಿ ಮಾಲೀಕರ ಷೇರು ಮೊದಲು ಅಳಿಸಿಹೋಗಬೇಕು, ಕಾರಿಗೆ ಗಿರಾಕಿಯೂ ಇರಬೇಕು. ಗಿರಾಕಿಯೇ ಇಲ್ಲದಿದ್ದರೆ ಬಿಟ್ಟುಬಿಡಿ. ಅಂಬಾಸಿಡರ್‌ಗೆ ದಶಕಗಟ್ಟಲೆ ಹೊರಗಿನ ಪೈಪೋಟಿ ಬರದಂತೆ ಕಾದರು, ಸರ್ಕಾರಿ ಆಫೀಸುಗಳೇ ಕೊಂಡವು. 2014ರಲ್ಲಿ ಅದರ ಉತ್ತರಪಾರಾ ಕಾರ್ಖಾನೆ ನಿಂತೇಹೋಯಿತು.

"ಮಾರುತಿಯನ್ನು ಸರ್ಕಾರ ಉಳಿಸಲಿಲ್ವಾ?" ಅಂತ ಬರೆಯುವವರಿಗೆ: ಮುಳುಗಿದ ಹಳೆಯ ಮಾರುತಿ ಕಂಪನಿಯಲ್ಲಿ ಉಳಿದದ್ದು ಹೆಸರು, ಜಾಗ. 1983ರಲ್ಲಿ ಓಡಿದ್ದು ಸುಜುಕಿಯ ಕಾರು.

ಪ್ರಶ್ನೆ: ಭಾರತ ಬಿಟ್ಟು ಹೋದ ಕಂಪನಿಯ ಕಾರಿದೆ. ಬಿಡಿಭಾಗ ಸಿಗುತ್ತಾ?

ಉತ್ತರ: ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು ಕೇಳಿ.

ಪ್ರಶ್ನೆ: ಮುಳುಗುವ ಕಾರು ಕಂಪನಿಯ ಷೇರು ಅಗ್ಗ, ಸರ್ಕಾರ ಕೈಬಿಡಲ್ಲ, ಈಗಲೇ ತಗೊಳ್ಳಿ ಅಂತ ಟೆಲಿಗ್ರಾಂ ಗುಂಪಿನಲ್ಲಿ ಹೇಳುತ್ತಾರೆ. ಕೊಳ್ಳಲೇ?

ಉತ್ತರ: ಜನರಲ್ ಮೋಟಾರ್ಸ್ ಉಳಿಯಿತು. ಅದರ ಹಳೆಯ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. ಗುಂಪಿನಿಂದ ಈಗಲೇ ಹೊರಬನ್ನಿ. ಬೇರೆ ಯಾವ ಷೇರು ಕೊಳ್ಳಲಿ ಅಂತ ಮಾತ್ರ ನನ್ನನ್ನು ಕೇಳಬೇಡಿ.