ಬೆಂಗಳೂರಿನಲ್ಲಿ ಅಗ್ಗದ ವಿದ್ಯುತ್ ಟ್ಯಾರಿಫ್ ಆರಿಸಿಕೊಳ್ಳಬಹುದೇ? ಸೊನ್ನೆ ಬರುತ್ತಿದ್ದ ಬಿಲ್ ಏಕಾಏಕಿ 1,860 ಆಗಿದೆ, ಏನು ಮಾಡಲಿ?

ನೀವು ಬರೆದದ್ದನ್ನು ಚಿಕ್ಕದಾಗಿ ಮತ್ತೆ ಹೇಳಿಬಿಡುತ್ತೇನೆ, ಓದುವ ಉಳಿದವರಿಗೂ ಅನುಕೂಲ. ಎರಡು ಬೆಡ್‌ರೂಮಿನ ಬಾಡಿಗೆ ಮನೆ, 3 ಕಿಲೋವ್ಯಾಟ್ ಲೋಡ್ (ಸಂಪರ್ಕಕ್ಕೆ ಮಂಜೂರಾದ ಸಾಮರ್ಥ್ಯ). ಗಂಡ ಹೆಂಡತಿ, ಒಂದು ಮಗು, ಬೇಸಿಗೆಗೆಂದು ಊರಿಂದ ಬಂದಿರುವ ಅತ್ತೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇದೆ. ಮಾರ್ಚ್‌ವರೆಗೆ ಬಿಲ್ ಸೊನ್ನೆ, ಇಲ್ಲವೇ ನೂರು ಚಿಲ್ಲರೆ. 2025ರ ಮೇ ತಿಂಗಳಲ್ಲಿ ಕೂಲರ್ ತಂದಿರಿ, 214 ಯೂನಿಟ್ ಓಡಿತು, ಬಿಲ್ 1,860 ದಾಟಿತು. ಲಂಡನ್ನಿನಲ್ಲಿರುವ ನಿಮ್ಮ ತಮ್ಮ "ಕಂಪನಿ ಬದಲಿಸು, ಒಳ್ಳೇ ಟ್ಯಾರಿಫ್ ನೋಡಿಕೋ" ಅಂದರಂತೆ. ಹಾಗೆ ಆಗುತ್ತಾ ಅಂತ ನಿಮ್ಮ ಪ್ರಶ್ನೆ.

ಆಗಲ್ಲ. ನಿಮ್ಮ ತಮ್ಮ ಅವರ ಊರಿನ ಲೆಕ್ಕದಲ್ಲಿ ಸರಿಯಾಗೇ ಹೇಳಿದ್ದಾರೆ. ಬ್ರಿಟನ್ನಿನಲ್ಲಿ ಒಂದೇ ತಂತಿಯ ಮೇಲೆ ಹಲವು ಕಂಪನಿಗಳು ಕರೆಂಟ್ ಮಾರುತ್ತವೆ, ಆಫ್‌ಜೆಮ್ ಎಂಬ ನಿಯಂತ್ರಕ ಮೂರು ತಿಂಗಳಿಗೊಮ್ಮೆ ದರದ ಮಿತಿ ಹಾಕುತ್ತದೆ, ಜನ ಹೋಲಿಸಿ ನೋಡಿ ಬದಲಾಯಿಸುತ್ತಾರೆ. ನಮ್ಮ ದೇಶದಲ್ಲೂ ಮುಂಬೈ ಉಪನಗರಗಳಲ್ಲಿ ಅದಾನಿಯಿಂದ ಟಾಟಾಗೆ, ಟಾಟಾದಿಂದ ಅದಾನಿಗೆ ಹೋಗುವ ಅವಕಾಶ ಇದೆ, ಅಲ್ಲಿರುವ ನಮ್ಮ ಕನ್ನಡದವರಿಗೆ ಗೊತ್ತಿರುತ್ತದೆ. ಕರ್ನಾಟಕದಲ್ಲಿ ಮನೆ ಎಲ್ಲಿದೆಯೋ ಅಲ್ಲಿನ ಎಸ್ಕಾಂ, ಅಂದರೆ ಆ ಭಾಗದ ವಿದ್ಯುತ್ ಸರಬರಾಜು ಕಂಪನಿಯೇ ಗತಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್ ಹೀಗೆ ಐದು, ಜೊತೆಗೆ ಬೆಳಗಾವಿ ಜಿಲ್ಲೆಯಲ್ಲಿ ಹುಕ್ಕೇರಿಯ ವಿದ್ಯುತ್ ಸಹಕಾರ ಸಂಘ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಐದೂ ಎಸ್ಕಾಂಗಳಲ್ಲಿ ಮನೆ ಬಳಕೆಯ ದರ ಒಂದೇ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ನಮ್ಮ ಬಿಲ್ಡಿಂಗಿನ ಮನೆಗಳ ಕರೆಂಟ್ ಬಿಲ್ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿ ಕಂಡ ಹಾಗೆ, ಹೆಚ್ಚಿನವರ ಬಿಲ್ ಏರುವುದಕ್ಕೆ ಯೂನಿಟ್ ದರ ಕಾರಣ ಅಲ್ಲ. ಮೊದಲು ನಿಮ್ಮ ಬಿಲ್ಲನ್ನೇ ಬಿಡಿಸಿ ನೋಡೋಣ, 2025-26ರ ದರದಲ್ಲಿ.

ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ. 214 ಯೂನಿಟ್‌ಗೆ 1,241. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145, ಮೂರಕ್ಕೆ 435. ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು 2025ರ ಏಪ್ರಿಲ್ 1ರಿಂದ ಶುರುವಾದ ಸರ್‌ಚಾರ್ಜ್ ಯೂನಿಟ್‌ಗೆ 36 ಪೈಸೆ, ಅದು 77. ಬಳಕೆ ಶುಲ್ಕದ ಮೇಲೆ ಶೇ. 9 ತೆರಿಗೆ, 112. ಒಟ್ಟು 1,865. ಇದರ ಮೇಲೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಅಂತ ಒಂದು ಸಾಲು ಇರುತ್ತದೆ, ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನಿಮ್ಮ ಮೀಟರ್ ಕೆಟ್ಟಿಲ್ಲ, ಬಿಲ್ಲಿನಲ್ಲಿ ತಪ್ಪೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. "ಯೂನಿಟ್ ದರ ಏರಿಸಿಬಿಟ್ಟರು" ಅಂತ ಎಲ್ಲರೂ ಹೇಳುತ್ತಾರೆ. 2023ರಲ್ಲಿ 100 ಯೂನಿಟ್ ದಾಟಿದವರಿಗೆ ಪೂರ್ತಿ ಬಳಕೆಗೂ 7 ರೂಪಾಯಿ ಬೀಳುತ್ತಿತ್ತು. 2024ರಲ್ಲಿ ಅದು 5.90 ಆಯಿತು, 2025ರಲ್ಲಿ 5.80. ಇಳಿದಿದೆ. ಏರಿದ್ದು ನಿಗದಿತ ಶುಲ್ಕ: 120 ಇದ್ದದ್ದು 145 ಆಯಿತು, 2026-27ಕ್ಕೆ 150, 2027-28ಕ್ಕೆ 160 ಅಂತ ಕೆಇಆರ್‌ಸಿಯ 2025ರ ಆದೇಶದಲ್ಲೇ ಬರೆದಾಗಿದೆ. ಲೈಟ್ ಆರಿಸಿದರೆ ಇಳಿಯುವ ದುಡ್ಡಲ್ಲ ಅದು. ಕಡಿಮೆ ಬಳಸುವವರ ಮೇಲೆ ಅದರ ಭಾರ ಜಾಸ್ತಿ, ನನಗೆ ಅದು ನ್ಯಾಯ ಅನ್ನಿಸುವುದಿಲ್ಲ.

ಆದರೆ ನಿಮಗೆ ಪೆಟ್ಟು ಬಿದ್ದದ್ದು 200ರ ಗೆರೆಯಿಂದ. ಗೃಹಜ್ಯೋತಿಯಲ್ಲಿ ಎರಡು ಗೆರೆ ಇವೆ. ಮೊದಲನೆಯದು ನಿಮ್ಮ ಅರ್ಹ ಯೂನಿಟ್: ಆ ಮೀಟರಿನ 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇ. 10. ಇದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚಿಗೆ ಬಳಸಿದ ಯೂನಿಟ್‌ಗಳ ದುಡ್ಡು ಮಾತ್ರ. ನಿಮ್ಮ ಅರ್ಹತೆ 172 ಅಂತ ಬರೆದಿದ್ದೀರಿ. 190 ಬಳಸಿದ ತಿಂಗಳು 18 ಯೂನಿಟ್‌ಗೆ ತೆರಿಗೆ ಎಲ್ಲ ಸೇರಿ 120ರ ಆಸುಪಾಸು ಬಂದಿರುತ್ತದೆ, ಆ "ನೂರು ಚಿಲ್ಲರೆ" ಅದೇ. ಎರಡನೇ ಗೆರೆ 200. ಅದನ್ನು ದಾಟಿದ ತಿಂಗಳು ಯೋಜನೆ ನಿಮಗಿಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. 3 ಕಿಲೋವ್ಯಾಟ್ ಮನೆಯಲ್ಲಿ 201ಕ್ಕೆ ಸುಮಾರು 1,778 ರೂಪಾಯಿ. 200ಕ್ಕೆ ನಿಲ್ಲಿಸಿದ್ದರೆ ನಿಮಗೆ ಇನ್ನೂರರ ಹತ್ತಿರ ಮುಗಿಯುತ್ತಿತ್ತು. ಒಂದು ಯೂನಿಟ್‌ಗೆ ಒಂದೂವರೆ ಸಾವಿರದ ವ್ಯತ್ಯಾಸ. 200 ದಾಟಿದವರಿಗೆ ಸ್ವಲ್ಪಸ್ವಲ್ಪವಾಗಿ ಏರುವ ಹಾಗೆ ಮಾಡಬಹುದಿತ್ತು. ಬೇಸಿಗೆಯಲ್ಲಿ ಮನೆಗೆ ವಯಸ್ಸಾದವರು ಬಂದಾಗಲೇ ಈ ಗೆರೆ ದಾಟುವುದು, ಅವರಿಗೇ ಫ್ಯಾನು ಕೂಲರು ಹೆಚ್ಚು ಬೇಕಾಗುವುದು. ಇದನ್ನು ಸರಿಪಡಿಸಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ: ತಿಂಗಳ ಕೊನೆಗೆ ಬಿಲ್ ಬರುವವರೆಗೆ ಕಾಯಬೇಡಿ. ಮೀಟರ್ ರೀಡರ್ ಬಂದ ದಿನದ ರೀಡಿಂಗ್ ಬಿಲ್ಲಿನಲ್ಲಿ ಇದೆ. ಅಲ್ಲಿಂದ ವಾರಕ್ಕೊಮ್ಮೆ ಮೀಟರ್ ಬಟನ್ ಒತ್ತಿ ಕೆಡಬ್ಲ್ಯುಎಚ್ (ಯೂನಿಟ್) ತೋರಿಸುವ ಅಂಕಿ ಬರೆದಿಡಿ. ವಾರಕ್ಕೆ 45 ಯೂನಿಟ್ ಒಳಗಿದ್ದರೆ 200 ದಾಟುವುದಿಲ್ಲ, 38ರೊಳಗಿದ್ದರೆ ನಿಮ್ಮ ಬಿಲ್ ಸೊನ್ನೆ. ಮೂರನೇ ವಾರಕ್ಕೇ ಗೊತ್ತಾಗುತ್ತದೆ, ಕೊನೆಯ ವಾರ ಕೈಬಿಗಿ ಹಿಡಿಯಬಹುದು.

ಎರಡನೆಯದು, ಬಾಡಿಗೆ ಮನೆಯವರು ಮಾಡಲೇಬೇಕಾದ ಒಂದು ಪರೀಕ್ಷೆ. ಮನೆಯೊಳಗಿನ ಮೇನ್ ಸ್ವಿಚ್ ಆರಿಸಿ ಕೆಳಗೆ ಮೀಟರ್ ಬೋರ್ಡ್ ಹತ್ತಿರ ಹೋಗಿ. ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಪಕ್ಕ 3200 ಇಂಪ್ ಅಂತ ಇದ್ದರೆ 3,200 ಸಲ ಮಿನುಗಿದಾಗ ಒಂದು ಯೂನಿಟ್ ಎಂದರ್ಥ, ಕೆಲವು ಮೀಟರ್‌ಗಳಲ್ಲಿ ಅಂಕಿ ಬೇರೆ ಇರುತ್ತದೆ. ಮೇನ್ ಆರಿಸಿದ ಮೇಲೂ ಮಿನುಗುತ್ತಿದ್ದರೆ ನಿಮ್ಮ ಮೀಟರಿನಿಂದ ಇನ್ನೆಲ್ಲಿಗೋ ಕರೆಂಟ್ ಹೋಗುತ್ತಿದೆ. ನಿಮಿಷಕ್ಕೆ 16 ಸಲ ಅಂದರೆ 300 ವ್ಯಾಟ್. ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮನೆಯವರಿಗೆ ಬಿಲ್ ಹೆಚ್ಚು ಬರುತ್ತಿತ್ತು. ದೀಪ ಎಣಿಸಲು ಕೂತಾಗ ಸುಮ್ಮನಿತ್ತು, ಮೇಲೆ ಟ್ಯಾಂಕಿಗೆ ನೀರು ಬಿಟ್ಟ ಕೂಡಲೇ ಜೋರಾಗಿ ಮಿನುಗತೊಡಗಿತು. ಎಲ್ಲ ಮನೆಗೂ ನೀರೇರಿಸುವ ಸಂಪಿನ ಮೋಟಾರಿಗೆ ಅವರ ಮೀಟರಿನಿಂದ ವೈರ್ ಎಳೆದಿದ್ದರು. 1 ಎಚ್‌ಪಿ ಮೋಟಾರು ಒಂದು ಗಂಟೆ ಓಡಿದರೆ ಹೆಚ್ಚುಕಮ್ಮಿ ಒಂದು ಯೂನಿಟ್ ಹೋಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಕಾಮನ್ ಮೀಟರಿಗೆ ಹಾಕಿಸಿದೆವು. ಮೆಟ್ಟಿಲಿನ ಲೈಟು, ಗೇಟಿನ ಲೈಟು ಕೂಡ ಹೀಗೇ ಯಾರದೋ ಮೀಟರಿನಲ್ಲಿ ಉರಿಯುತ್ತಿರುತ್ತವೆ. ಮಾಲೀಕರ ಹತ್ತಿರ ಜಗಳಕ್ಕೆ ಹೋಗಬೇಡಿ, ಕರೆದುಕೊಂಡು ಹೋಗಿ ತೋರಿಸಿ. ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನುವವರು ಕಡಿಮೆ.

ಬಳಕೆಯ ಬಗ್ಗೆ: ನಿಮ್ಮ ಕೂಲರ್ 180 ವ್ಯಾಟಿನದು ಅಂದುಕೊಂಡರೆ ರಾತ್ರಿ ಎಂಟು ಗಂಟೆ ಓಡಿಸಿದಾಗ ತಿಂಗಳಿಗೆ 40ರ ಮೇಲೆ ಯೂನಿಟ್. ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಅತ್ತೆಗೆ ಸೆಕೆ ಆಗುತ್ತದೆ. ಅಷ್ಟೇ ಯೂನಿಟ್ ಫ್ಯಾನಿನಲ್ಲಿ ಉಳಿಸಬಹುದು. ಹಳೇ ಫ್ಯಾನ್ ಫುಲ್ ಸ್ಪೀಡಿನಲ್ಲಿ 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಮೂರು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ಹಳೆಯವಕ್ಕೆ ತಿಂಗಳಿಗೆ 81 ಯೂನಿಟ್, ಹೊಸವಕ್ಕೆ 32. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು, ಮಾಲೀಕರ ಹಳೇ ಫ್ಯಾನನ್ನು ಜೋಪಾನವಾಗಿ ಎತ್ತಿಟ್ಟಿರಿ ಅಷ್ಟೇ. ಒಂದೇ ಸಲ ಮೂರು ಕೊಳ್ಳಲು ಆಗದಿದ್ದರೆ ಹೆಚ್ಚು ಹೊತ್ತು ತಿರುಗುವ ಮಲಗುವ ಕೋಣೆಯದನ್ನು ಮೊದಲು ಬದಲಿಸಿ.

ಇನ್ನು ಗೀಸರ್. 2 ಕಿಲೋವ್ಯಾಟಿನದು ದಿನಕ್ಕೆ ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್. ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸಿದರೆ ಸಾಕಷ್ಟು ಇಳಿಯುತ್ತದೆ. "ನಮ್ಮಲ್ಲಿ ಸೋಲಾರ್ ಇದೆ" ಅನ್ನುವವರು ಟೆರೇಸಿಗೆ ಹೋಗಿ ನೋಡಿ: ಮೋಡದ ದಿನಕ್ಕೆಂದು ಟ್ಯಾಂಕಿನಲ್ಲಿ ಹಾಕಿರುವ ಕಾಯಿಲ್ ಮಳೆಗಾಲದಲ್ಲಿ ಆನ್ ಆದದ್ದು ಹಾಗೇ ಉಳಿದಿರುತ್ತದೆ. ಎಲ್‌ಇಡಿ ಬಲ್ಬು, ಚಾರ್ಜರು ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವುಗಳಿಂದ ಉಳಿಯುವುದು ಬಹಳ ಕಡಿಮೆ.

ಮನೆ ಬದಲಿಸುವ ಯೋಚನೆ ಇದೆ ಅಂದಿರಿ, ಅದಕ್ಕೆ ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಅರ್ಹ ಯೂನಿಟ್ ನಿಮ್ಮ ಹಿಂದೆ ಬರುವುದಿಲ್ಲ, ಆ ಮನೆಯ ಆರ್‌ಆರ್ ನಂಬರಿಗೆ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಅಂಟಿಕೊಂಡಿರುತ್ತದೆ. 2022-23ರಲ್ಲಿ ಅಲ್ಲಿ ಒಬ್ಬರೇ ಇದ್ದು ತಿಂಗಳಿಗೆ 60 ಯೂನಿಟ್ ಬಳಸಿದ್ದರೆ ನಿಮ್ಮ ನಾಲ್ಕು ಜನಕ್ಕೂ 66 ಮಾತ್ರ. ಸರಾಸರಿ 48ಕ್ಕಿಂತ ಕಡಿಮೆ ಇದ್ದ ಮನೆಗೆ ಶೇ. 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಹಿಂದಿನ ಬಳಕೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಹಿಡಿದು 58. ಅದಕ್ಕೇ ಅಡ್ವಾನ್ಸ್ ಕೊಡುವ ಮೊದಲು ಹಳೇ ಕರೆಂಟ್ ಬಿಲ್ ಕೇಳಿ ಪಡೆಯಿರಿ. ಬಾಡಿಗೆ ಒಂದೇ ಇರುವ ಎರಡು ಮನೆಗಳಲ್ಲಿ ಅರ್ಹತೆ 66 ಇರುವುದಕ್ಕೂ 170 ಇರುವುದಕ್ಕೂ ತಿಂಗಳಿಗೆ ಆರೇಳು ನೂರು ವ್ಯತ್ಯಾಸ ಬೀಳುತ್ತದೆ. ನೀವು ಕೇಳಿದ "ಟ್ಯಾರಿಫ್ ಆರಿಸಿಕೊಳ್ಳುವುದು" ನಮ್ಮ ರಾಜ್ಯದಲ್ಲಿ ಆಗುವುದಿದ್ದರೆ ಇಲ್ಲೇ. ಮನೆ ಬಿಟ್ಟ ಮೇಲೆ ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಹಳೇ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ, ಆಮೇಲೆ ಹೊಸದಕ್ಕೆ ನೋಂದಾಯಿಸಿ.

ಪ್ರತಿ ತಿಂಗಳೂ 200 ದಾಟುವವರು, ಅಂದರೆ ದೊಡ್ಡ ಕುಟುಂಬದವರು, ಮಂಜೂರಾದ ಲೋಡ್ ನೋಡಿಕೊಳ್ಳಬೇಕು. ಮನೆ ಕಟ್ಟುವಾಗ ಇರಲಿ ಅಂತ 5 ಕಿಲೋವ್ಯಾಟ್ ತೆಗೆದುಕೊಂಡಿರುತ್ತಾರೆ. 2025-26ರ ದರದಲ್ಲಿ ಅದಕ್ಕೆ ನಿಗದಿತ ಶುಲ್ಕವೇ 725. ಬಿಲ್ಲಿನಲ್ಲಿ ಆ ತಿಂಗಳ ಗರಿಷ್ಠ ಬೇಡಿಕೆ, ಅಂದರೆ ಒಂದೇ ಹೊತ್ತಿನಲ್ಲಿ ಎಷ್ಟು ಕಿಲೋವ್ಯಾಟ್‌ವರೆಗೆ ಎಳೆದಿರಿ ಎಂಬುದು ಛಾಪಿಸಿರುತ್ತದೆ. ವರ್ಷವಿಡೀ ಅದು 2.5 ದಾಟಿಲ್ಲವಾದರೆ 3ಕ್ಕೆ ಇಳಿಸಲು ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಬಹುದು, ಅದೇ ದರದಲ್ಲಿ ತಿಂಗಳಿಗೆ 290 ಉಳಿಯುತ್ತದೆ. ಆಸೆಗೆ ಬಿದ್ದು ತೀರಾ ಇಳಿಸಬೇಡಿ. ಗೀಸರ್, ಇಂಡಕ್ಷನ್, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದ ದಿನ ಬೇಡಿಕೆ ಮಂಜೂರಾದದ್ದನ್ನು ಮೀರಿದರೆ ದಂಡ ಬೀಳುತ್ತದೆ. ಅರ್ಜಿಗೆ ಸಹಿ ಹಾಕಬೇಕಾದವರು ಯಾರ ಹೆಸರಿನಲ್ಲಿ ಸಂಪರ್ಕ ಇದೆಯೋ ಅವರೇ, ಬಾಡಿಗೆದಾರರಲ್ಲ. ಸ್ವಂತ ಸೂರು ಇದ್ದವರಿಗೆ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಒಂದು ಕಿಲೋವ್ಯಾಟಿನಿಂದ ತಿಂಗಳಿಗೆ ನೂರರ ಮೇಲೆ ಯೂನಿಟ್ ಬರುತ್ತದೆ. ಈಗ ಬಿಲ್ ಸೊನ್ನೆ ಬರುತ್ತಿರುವವರಿಗೆ ಅದರಿಂದ ಉಳಿತಾಯ ಕಾಣುವುದಿಲ್ಲ.

ಬಿಲ್ಲಿನ ಜೊತೆ ಹೆಚ್ಚುವರಿ ಭದ್ರತಾ ಠೇವಣಿ ಅಂತ ಬೇರೆ ಮೊತ್ತ ಬಂದರೆ ಗಾಬರಿ ಬೇಡ. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಇರಬೇಕೆಂಬ ನಿಯಮಕ್ಕೆ ಕೇಳುವುದು ಅದು, ಅದಕ್ಕೆ ಬಡ್ಡಿ ಬರುತ್ತದೆ, ಠೇವಣಿ ಸಂಪರ್ಕ ಇರುವವರ ಹೆಸರಿನಲ್ಲಿ ಉಳಿಯುತ್ತದೆ. ಹಾಗಾಗಿ ಅದನ್ನು ಮಾಲೀಕರು ಕಟ್ಟಬೇಕಾದದ್ದು ನ್ಯಾಯ. ನೀವೇ ಕಟ್ಟಬೇಕಾಗಿ ಬಂದರೆ ರಸೀದಿ ಇಟ್ಟುಕೊಂಡು ಬಾಡಿಗೆಯಲ್ಲಿ ಮುರಿದುಕೊಳ್ಳಿ.