ಹಳೇ ವಿಂಡೋಸ್ ಜಾಗ ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಕ್ಯಾಂಟೀನ್. ಲೆಕ್ಕ, ಬಿಲ್ಲು ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ. ಹೋದ ವಾರ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಗೆ ಕೊಟ್ಟು ವಿಂಡೋಸ್ 11 ಹಾಕಿಸಿದೆ. ಈಗ ಸಿ ಡ್ರೈವ್ ಕೆಂಪಗಾಗಿದೆ. 'ವಿಂಡೋಸ್.ಓಲ್ಡ್' ಅನ್ನುವ ಫೋಲ್ಡರ್ ಒಂದೇ 24 ಜಿಬಿ ತಿಂದಿದೆ. ಡಿಲೀಟ್ ಒತ್ತಿದರೆ ಅನುಮತಿ ಇಲ್ಲ ಅನ್ನುತ್ತೆ. ಯೂಟ್ಯೂಬ್ ನೋಡಿ ಎರಡು ಕಮಾಂಡ್ ಬರೆದಿಟ್ಟುಕೊಂಡಿದ್ದೇನೆ. ಹಾಕಲಾ?

ಉತ್ತರ: ಸದ್ಯಕ್ಕೆ ಬೇಡ. ಆ ಫೋಲ್ಡರ್ ಕಸ ಅಲ್ಲ, ನಿಮ್ಮ ಹಳೇ ವಿಂಡೋಸ್. ಹೊಸದು ಹೊಂದದಿದ್ದರೆ ವಾಪಸ್ ಹೋಗಲಿ ಅಂತ ಇಟ್ಟಿರುತ್ತಾರೆ. ಆ ಅವಕಾಶ 10 ದಿನ. ಆಮೇಲೆ ಸಾಮಾನ್ಯವಾಗಿ ವಿಂಡೋಸ್ ತಾನಾಗೇ ಅಳಿಸುತ್ತದೆ.

ಬಿಲ್ಲಿನ ಸಾಫ್ಟ್‌ವೇರ್, ಪ್ರಿಂಟರ್ ಎಲ್ಲ ಸರಿಯಾಗಿ ನಡೆಯುತ್ತಿವೆಯಾ? ಮೊದಲು ಅದು ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಲ್ಲಿಸಿದೆ ನಿಜ. ಆದರೂ ಗಿರಾಕಿ ಎದುರಿಗೆ ನಿಂತಾಗ ಬಿಲ್ಲು ಬರದಿದ್ದರೆ ಹಳೇದೇ ಬೇಕಾಗಬಹುದು, ಅಲ್ವಾ?

ಇನ್ನೊಂದು, ಇದೇ ಮುಖ್ಯ. ಅಂಗಡಿಯವರು ಅಪ್‌ಗ್ರೇಡ್ ಮಾಡಿದ್ದಾರೋ, ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದಾರೋ ಕೇಳಿ. ಡೆಸ್ಕ್‌ಟಾಪ್ ಖಾಲಿಯಾಗಿ, ಹಳೇ ಸಾಫ್ಟ್‌ವೇರ್ ಒಂದೂ ಕಾಣದಿದ್ದರೆ ಎರಡನೆಯದೇ ಆಗಿರಬೇಕು. ಹಾಗಿದ್ದರೆ ನಿಮ್ಮ ಲೆಕ್ಕದ ಫೈಲುಗಳು ಇರುವುದು ಅದೇ ಫೋಲ್ಡರಿನೊಳಗೆ! ಅದರೊಳಗಿನ 'ಯೂಸರ್ಸ್' ತೆರೆದು, ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ನೋಡಿ. ಬೇಕಾದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಲೆಕ್ಕದ ಸಾಫ್ಟ್‌ವೇರ್ ತನ್ನ ಡೇಟಾವನ್ನು ಬೇರೆ ಕಡೆ ಇಟ್ಟಿರಲೂಬಹುದು. ಅಲ್ಲೇ ಇರುವ 'ಪ್ರೋಗ್ರಾಂ ಫೈಲ್ಸ್', 'ಪ್ರೋಗ್ರಾಂ ಡೇಟಾ' ಕೂಡ ಇಣುಕಿ.

ಇಷ್ಟಾದ ಮೇಲೆ ಅಳಿಸುವುದು ಸುಲಭ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್ ಹೀಗೆ ಒಳಗೆ ಹೋಗಿ. 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್' ಎಂಬುದಕ್ಕೆ ಟಿಕ್ ಹಾಕಿ, 'ರಿಮೂವ್ ಫೈಲ್ಸ್' ಒತ್ತಿ. ಹುಷಾರು, ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಅದಕ್ಕೆ ಟಿಕ್ ಬಿದ್ದರೆ ನೀವು ಇಳಿಸಿಕೊಂಡ ಬಿಲ್ಲು, ಫೋಟೋ ಎಲ್ಲ ಹೋಗುತ್ತವೆ. ಪಟ್ಟಿಯಲ್ಲಿ ಬೇಕಾದ್ದು ಕಾಣದಿದ್ದರೆ 'ಡಿಸ್ಕ್ ಕ್ಲೀನಪ್' ತೆರೆದು 'ಕ್ಲೀನಪ್ ಸಿಸ್ಟಂ ಫೈಲ್ಸ್' ಒತ್ತಿ ನೋಡಿ.

ಅನುಮತಿ ಇಲ್ಲ ಅನ್ನುವುದೇಕೆ? ಆ ಫೈಲುಗಳ ಒಡೆತನ ನಿಮ್ಮದಲ್ಲ, 'ಟ್ರಸ್ಟೆಡ್ ಇನ್‌ಸ್ಟಾಲರ್' ಎಂಬ ವಿಂಡೋಸಿನ ಒಳಗಿನ ಖಾತೆಯದು. ನೀವು ಬರೆದಿಟ್ಟುಕೊಂಡದ್ದು 'ಟೇಕ್‌ಓನ್' ಮತ್ತು 'ಐಕ್ಯಾಕಲ್ಸ್' ಇರಬೇಕು. ಅವು ಆ ಒಡೆತನ ಕಿತ್ತು ನಿಮಗೆ ಕೊಡುತ್ತವೆ. ತೊಂದರೆ ಏನೆಂದರೆ, ಹಳೇ ಫೋಲ್ಡರಿನೊಳಗಿನ ಕೆಲವು ಲಿಂಕುಗಳು ಈಗ ಓಡುತ್ತಿರುವ ವಿಂಡೋಸಿನ ಫೋಲ್ಡರುಗಳಿಗೇ ಕರೆದೊಯ್ಯುತ್ತವೆ. ಕಮಾಂಡ್ ಕುರುಡಾಗಿ ಅಲ್ಲಿಗೂ ನುಗ್ಗಿ ಅನುಮತಿಗಳನ್ನು ಕೆಡಿಸಬಹುದು. ಈ ಮಾತು ವಿಡಿಯೋದವರು ಹೇಳುವುದು ಕಡಿಮೆ.

ಎಲ್ಲ ಮಾಡಿದ ಮೇಲೂ ಹಳೇ ಫೋಲ್ಡರಿನ 'ಡ್ರೈವರ್ ಸ್ಟೋರ್' (ಪ್ರಿಂಟರ್ ಮುಂತಾದವನ್ನು ನಡೆಸುವ ಫೈಲುಗಳ ಜಾಗ) ಒಳಗೆ ನಾಲ್ಕಾರು ಫೈಲು ಉಳಿಯುವುದುಂಟು. ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಉಳಿದದ್ದು ಕೆಲವೇ ಎಂಬಿ ಆಗಿದ್ದರೆ ಸುಮ್ನೆ ಬಿಟ್ಟುಬಿಡಿ. ಅದಕ್ಕಾಗಿ ಭಾನುವಾರ ಹಾಳು ಮಾಡಿಕೊಳ್ಳಬೇಡಿ.

ಪ್ರಶ್ನೆ: ಪುಣೆಯ ಕೋಥ್ರೂಡಿನಿಂದ. ಅಪ್‌ಡೇಟ್ ಆದ ಮೇಲೆ ಸಿ ಡ್ರೈವಿನಲ್ಲಿ 'ಐನೆಟ್‌ಪಬ್' ಅಂತ ಖಾಲಿ ಫೋಲ್ಡರ್ ಬಂದಿದೆ. ವೈರಸ್ಸಾ? ಅಳಿಸಿಬಿಟ್ಟೆ, ಪರವಾಗಿಲ್ವಾ?

ಉತ್ತರ: ವೈರಸ್ ಅಲ್ಲ. 2025ರ ಏಪ್ರಿಲ್ ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಅದನ್ನು ಬೇಕೆಂದೇ ಇಟ್ಟಿದೆ. ಒಂದು ಭದ್ರತಾ ಲೋಪ ಮುಚ್ಚುವ ಕೆಲಸದಲ್ಲಿ ಅದೂ ಸೇರಿದೆ, ಅಳಿಸಬೇಡಿ ಎಂದು ಮೈಕ್ರೋಸಾಫ್ಟೇ ಹೇಳಿದೆ. ಅಳಿಸಿದ್ದರೆ ಗಾಬರಿ ಬೇಡ. ಅದೇ ಹೆಸರಿನಲ್ಲಿ ನೀವೇ ಫೋಲ್ಡರ್ ಮಾಡಿದರೆ ಅನುಮತಿಗಳು ಸರಿ ಕೂರುವುದಿಲ್ಲ. 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆರೆದು, 'ಇಂಟರ್ನೆಟ್ ಇನ್ಫರ್ಮೇಷನ್ ಸರ್ವೀಸಸ್' ಆನ್ ಮಾಡಿ. ಫೋಲ್ಡರ್ ವಾಪಸ್ ಬರುತ್ತದೆ. ಬೇಕಿಲ್ಲದಿದ್ದರೆ ಆಮೇಲೆ ಅದನ್ನು ಆಫ್ ಮಾಡಿ, ಫೋಲ್ಡರ್ ಹಾಗೇ ಇರಲಿ.